ಹೆಡ್‌ಲೈಟ್ ಬಿಚ್ಚಿ ನೋಡುವವರೇ ಇಲ್ಲದ ಊರು

ಒಂದು ಹೆಡ್‌ಲೈಟಿಗೆ 2,200 ಪೌಂಡ್. ಜೋಡಿಗಲ್ಲ, ಎಡಗಡೆಯದು ಒಂದಕ್ಕೇ. ವ್ಯಾಟ್ ತೆರಿಗೆ ಇದರಲ್ಲೇ ಸೇರಿದೆ ಅಂತ ಸರ್ವಿಸ್ ಅಡ್ವೈಸರ್ ನಗುತ್ತಾ ಹೇಳಿದ ಧಾಟಿ ನೋಡಿದರೆ ನನಗೇನೋ ಉಪಕಾರ ಮಾಡಿದ ಹಾಗಿತ್ತು. ಪೌಂಡನ್ನು ರೂಪಾಯಿಗೆ ತಿರುಗಿಸುವ ಚಾಳಿ ಬಿಟ್ಟು ವರ್ಷಗಳಾಗಿದ್ದವು. ಅವತ್ತು ಮಾತ್ರ ಲೆಕ್ಕ ತಾನಾಗೇ ಬಂತು, ಹತ್ತಿರ ಹತ್ತಿರ ಎರಡೂವರೆ ಲಕ್ಷ. ನಮ್ಮಪ್ಪ ಮಾರುತಿ 800 ತಗೊಂಡಾಗ ಇಡೀ ಕಾರಿಗೇ ಅಷ್ಟು ಕೊಟ್ಟಿರಲಿಲ್ಲ.

ಕಾರು ಯಾವುದು ಅಂತ ಹೇಳುವುದಿಲ್ಲ. ಯುರೋಪಿನ ದೊಡ್ಡ ಹೆಸರಿನ ಎಸ್‌ಯುವಿ ಅಂದುಕೊಳ್ಳಿ, ಆಯುಧ ಪೂಜೆಯ ಫೋಟೋ ಹಾಕಿದರೆ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತುವಂಥದ್ದು. ವಾರಂಟಿ ಮುಗಿದು ಒಂದು ಚಳಿಗಾಲ ಕಳೆದಿತ್ತು, ಅಷ್ಟೇ.

ಈ ವಾರಂಟಿ ವಿಷಯ ಸ್ವಲ್ಪ ಕೇಳಿ. ಇಂಗ್ಲೆಂಡಿನಲ್ಲಿ ಕಾರಿಗೆ 3 ವರ್ಷ ತುಂಬಿದಾಗ ಮೊದಲ ಎಂಒಟಿ, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವಾ ಅಂತ ನೋಡುವ ಕಡ್ಡಾಯ ಪರೀಕ್ಷೆ, ಆಮೇಲೆ ವರ್ಷಾವರ್ಷ. ದುಬಾರಿ ಜರ್ಮನ್ ಕಾರುಗಳಿಗೆ ಇಲ್ಲಿ ಸಿಗುವ ವಾರಂಟಿಯೂ ಸಾಮಾನ್ಯವಾಗಿ 3 ವರ್ಷವೇ. ಅಂದರೆ ಸರ್ಕಾರ ನಿಮ್ಮ ಕಾರಿನ ಮೇಲೆ ಅನುಮಾನ ಪಡಲು ಶುರು ಮಾಡುವ ಹೊತ್ತಿಗೆ ಸರಿಯಾಗಿ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಅದೇ ಕಿಯಾ ತಗೊಂಡವನಿಗೆ 7 ವರ್ಷ. ಟೊಯೊಟಾ, ಲೆಕ್ಸಸ್‌ನವರಂತೂ ಪ್ರತಿ ವರ್ಷ ಅವರಲ್ಲೇ ಸರ್ವಿಸ್ ಮಾಡಿಸಿದರೆ 10 ವರ್ಷ ಅಥವಾ 1 ಲಕ್ಷ ಮೈಲಿಯವರೆಗೆ ಎಳೆಯುತ್ತಾರೆ. ಜಾಸ್ತಿ ದುಡ್ಡು ಕೊಟ್ಟವನಿಗೆ ಕಡಿಮೆ ಭರವಸೆ. ಇದು ಯಾವ ನ್ಯಾಯ?

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೋದರೆ ಬಿಸಿಬೇಳೆಬಾತಿನ ಸಾಲಿನಲ್ಲಿ ಗಂಡಸರ ಮಾತೆಲ್ಲ ಇದೇ. ಒಬ್ಬರು ಎರಡು ವರ್ಷ ಹನ್ನೊಂದು ತಿಂಗಳಿಗೆ ಕಾರು ಮಾರಿಬಿಡುತ್ತಾರೆ, ಅದು ಅವರ ವ್ರತ. ಇನ್ನೊಬ್ಬರು ತಿಂಗಳು ತಿಂಗಳು ಎಕ್ಸ್‌ಟೆಂಡೆಡ್ ವಾರಂಟಿಗೆ ಕಟ್ಟುತ್ತಾರೆ. ಹೆಡ್‌ಲೈಟಿನಲ್ಲಿ ನೀರು ಹೊಕ್ಕರೆ ಅದು ಸೇರುತ್ತದಾ ಅಂತ ಕೇಳಿದೆ. ಅವರು ಪಾಲಿಸಿ ಓದೋಕೆ ಮನೆಗೆ ಹೋದರು. ಲೆಕ್ಸಸ್‌ಗೆ ಹೋದವರೊಬ್ಬರಿದ್ದಾರೆ, ಅವರ ಪಕ್ಕ ನಿಲ್ಲೋದೇ ಕಷ್ಟ.

ಆದರೆ ನನಗೆ ಚುಚ್ಚಿದ್ದು ದುಡ್ಡಲ್ಲ. ಸರಿ, ದುಡ್ಡೂ ಚುಚ್ಚಿತು. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಆಮೇಲಿನ ಮಾತುಕತೆ. ಒಳಗೆ ಏನು ಕೆಟ್ಟಿದೆ ಅಂತ ಕೇಳಿದೆ. ‘ಯೂನಿಟ್ ಫೇಲ್ ಆಗಿದೆ’ ಅಂದ. ಯೂನಿಟ್‌ನಲ್ಲಿ ಏನು? ‘ನಾವು ಅದನ್ನು ತೆರೆಯುವುದಿಲ್ಲ ಸರ್.’ ಹಾಗಾದರೆ ಕೆಟ್ಟಿದೆ ಅಂತ ಹೇಗೆ ಗೊತ್ತಾಯಿತು? ಕಂಪ್ಯೂಟರ್ ಹೇಳಿತು. ಹಾಗೆ ಕಂಪ್ಯೂಟರ್ ಹೇಳಿದ್ದಕ್ಕೆ ಬೇರೆ ಬಿಲ್. ಒಳಗೆ ಹೋಗಿ ಕಾರನ್ನು ಒಂದು ಸಲ ನೋಡಬಹುದಾ ಅಂದರೆ, ವರ್ಕ್‌ಶಾಪಿಗೆ ಗ್ರಾಹಕರನ್ನು ಬಿಡುವ ಹಾಗಿಲ್ಲ, ಇನ್ಶೂರೆನ್ಸ್ ಒಪ್ಪುವುದಿಲ್ಲ. ಗಾಜಿನ ಈಚೆ ಸೋಫಾ, ಕಾಫಿ ಮೆಷಿನ್, ಬಿಸ್ಕೆಟ್. ಆಚೆ ನನ್ನ ಕಾರು.

ಹಾಸನದ ಬಿ.ಎಂ. ರೋಡಿನಲ್ಲಿ ನಾನು ಬೆಳೆಯುವಾಗ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇತ್ತು. ಮಾವನ ಜೀಪಿನ ಲೈಟ್ ಹೋದರೆ ನಾವೆಲ್ಲ ಅಲ್ಲಿಗೆ. ಆತ ಮೊದಲು ಬಲ್ಬನ್ನೇ ಮುಟ್ಟುತ್ತಿರಲಿಲ್ಲ. ಎರಡು ವೈರು ಕಟ್ಟಿದ ಸಣ್ಣ ಟೆಸ್ಟ್ ಲ್ಯಾಂಪ್ ಹಿಡಿದು ಅಲ್ಲಿ ಮುಟ್ಟಿಸಿ, ಇಲ್ಲಿ ಮುಟ್ಟಿಸಿ, ‘ಅರ್ತ್ ಬರ್ತಿಲ್ಲ ನೋಡಿ’ ಅನ್ನುತ್ತಿದ್ದ. ನಾವು ನೋಡಬೇಕಿತ್ತು. ನೋಡದಿದ್ದರೆ ಮತ್ತೆ ತೋರಿಸುತ್ತಿದ್ದ. ತುಕ್ಕು ಹಿಡಿದ ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಬೋಲ್ಟ್ ಬಿಗಿ ಮಾಡಿದರೆ ಲೈಟ್ ಬರುತ್ತಿತ್ತು. ಬಲ್ಬೇ ಹೋಗಿದ್ದರೆ ಎಚ್4, ಮೂರು ಪಿನ್ನಿನದು, ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ಯಾವ ಅಂಗಡಿಯಲ್ಲೂ ಸಿಗುತ್ತಿತ್ತು. ಹೋಲ್ಡರ್ ಸುಟ್ಟಿದ್ದರೆ ಹೋಲ್ಡರ್. ಗಾಜು ಒಡೆದಿದ್ದರೆ ಮಾತ್ರ ಡೂಮ್, ಅಂದರೆ ಬಲ್ಬ್ ಕೂರುವ ಬಟ್ಟಲು, ಪೂರ್ತಿ. ಅದೂ ಹೊಸದು ಬೇಡ ಅಂದರೆ ಗುಜರಿಯಲ್ಲಿ ಹುಡುಕಿ ಕೊಡುತ್ತಿದ್ದ. ದುಡ್ಡು ಕೊಟ್ಟು ಬರುವಾಗ ನಮಗೆ ಲೈಟ್ ಯಾಕೆ ಹೋಗಿತ್ತು ಅನ್ನುವುದು ಗೊತ್ತಿರುತ್ತಿತ್ತು. ಇಲ್ಲಿ ಇಂಜಿನಿಯರಿಂಗ್ ಓದಿರುವ ನಾನು ಎರಡೂವರೆ ಲಕ್ಷ ಕೊಡುತ್ತಿದ್ದೇನೆ, ಯಾಕೆ ಅಂತ ಗೊತ್ತಿಲ್ಲ. ಒಲೆಯ ಬತ್ತಿ ಸುಟ್ಟುಹೋಯಿತು ಅಂತ ಸ್ಟವ್ವನ್ನೇ ಬದಲಿಸಿದ ಹಾಗೆ.

ಒಳಗೆ ಏನಿದೆ ಅಂತ ಕೊನೆಗೆ ನಾನೇ ಓದಿಕೊಂಡೆ. 2013ರಲ್ಲಿ ಆಡಿ ಎ8ಗೆ ಮ್ಯಾಟ್ರಿಕ್ಸ್ ಎಲ್‌ಇಡಿ ಬಂದ ಮೇಲೆ ಈ ದೀಪಗಳು ದೀಪಗಳಾಗಿ ಉಳಿದಿಲ್ಲ. ಸಾಲು ಸಾಲು ಎಲ್‌ಇಡಿಗಳು. ಎದುರಿನಿಂದ ಕಾರು ಬರುವುದನ್ನು ಕ್ಯಾಮೆರಾ ನೋಡುತ್ತದೆ, ಆ ಕಾರಿನ ಕಡೆಗಿರುವಷ್ಟನ್ನೇ ಆರಿಸುತ್ತದೆ, ಉಳಿದದ್ದು ಉರಿಯುತ್ತಲೇ ಇರುತ್ತದೆ. ಅದಕ್ಕೊಂದು ಕಂಟ್ರೋಲ್ ಮಾಡ್ಯೂಲ್, ಶಾಖ ಹೊರಗೆ ಹಾಕಲು ವ್ಯವಸ್ಥೆ, ಮುಂದಿನ ಪ್ಲಾಸ್ಟಿಕ್ಕನ್ನು ಅಂಟು ಹಾಕಿ ಮುಚ್ಚಿದ್ದು. ಉಸಿರಾಡಲು ಒಂದು ಸಣ್ಣ ರಂಧ್ರ ಇರುತ್ತದೆ, ಹಾಗಾಗಿ ಚಳಿಯಲ್ಲಿ ಸ್ವಲ್ಪ ಮಂಜು ಕಟ್ಟಿ ಹೋಗುವುದು ಮಾಮೂಲಿ. ಅಂಟು ಬಿಟ್ಟು ನೀರು ಒಳಗೆ ನಿಂತರೆ ಮಾತ್ರ ಕಥೆ ಮುಗಿಯಿತು. ಬಹಳ ಕಾರುಗಳಲ್ಲಿ ಹೊಸ ದೀಪ ತಂದು ಸುಮ್ನೆ ಸಿಕ್ಕಿಸಿದರೂ ಆಗಲ್ಲ, ಕಾರಿಗೆ ಅದನ್ನು ಕೋಡಿಂಗ್ ಮಾಡಿ ಪರಿಚಯಿಸಬೇಕು.

ಈ ದೀಪಗಳ ಬೆಲೆ ಕಳ್ಳರಿಗೂ ಗೊತ್ತು. ಆಮ್ಸ್ಟರ್‌ಡ್ಯಾಮ್‌ನಲ್ಲಿ ಪೋರ್ಷೆ ಕಾರುಗಳ ಕಣ್ಣು ಕಿತ್ತುಕೊಂಡು ಹೋಗುತ್ತಿದ್ದರು, ಕಾರನ್ನು ಅಲ್ಲೇ ಬಿಟ್ಟು.

ಇಲ್ಲಿನವರ ಸಹನೆ ನೋಡಿದರೆ ನನಗೆ ಇನ್ನೂ ಆಶ್ಚರ್ಯ. ಪಕ್ಕದ ಸೋಫಾದಲ್ಲಿದ್ದ ಹಿರಿಯರಿಗೂ ಅಂಥದ್ದೇ ಬಿಲ್ ಬಂದಿತ್ತು, ಅವರು ‘ಓ ಡಿಯರ್’ ಅಂದು ಕಾರ್ಡ್ ತೆಗೆದರು. ನಮ್ಮಲ್ಲಾಗಿದ್ದರೆ ಅಷ್ಟರಲ್ಲಿ ನಾಲ್ಕು ಜನ ಸೇರಿ, ಮಾಲೀಕ ಹೊರಗೆ ಬಂದು, ಕುರ್ಚಿ ಹಾಕಿಸಿ, ಟೀ ತರಿಸಿ, ‘ನಿಮಗೆ ಎಷ್ಟು ಕೊಡಬೇಕು ಅನ್ನಿಸುತ್ತೆ ಹೇಳಿ ಸಾರ್’ ಅನ್ನುವ ಹಂತಕ್ಕೆ ಬಂದಿರುತ್ತಿತ್ತು.

ಒಂದು ಮಾತು ಹೇಳಲೇಬೇಕು, ಇಲ್ಲಿ ಕೂಗಾಡದೆಯೂ ದಾರಿ ಇದೆ. 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಪ್ರಕಾರ ವಸ್ತು ತಕ್ಕಷ್ಟು ಕಾಲ ಬಾಳಬೇಕು. ಇಂಗ್ಲೆಂಡಿನಲ್ಲಿ 6 ವರ್ಷದವರೆಗೆ ಮಾರಿದವನನ್ನು ಕೇಳಬಹುದು, ಮೊದಲ 6 ತಿಂಗಳು ಕಳೆದ ಮೇಲೆ ದೋಷ ಮೊದಲಿನಿಂದಲೂ ಇತ್ತು ಅಂತ ತೋರಿಸುವ ಹೊಣೆ ಮಾತ್ರ ನಮ್ಮದು. ನನ್ನವಳು ಕೂತು ಒಂದು ತಣ್ಣಗಿನ ಪತ್ರ ಬರೆದಳು, ಒಂದೂ ಬೈಗುಳವಿಲ್ಲ. ಸರ್ವಿಸ್ ಪುಸ್ತಕದಲ್ಲಿ ಎಲ್ಲ ಸೀಲೂ ಇತ್ತು. ಕಂಪನಿ ‘ಗುಡ್‌ವಿಲ್’ ಅಂತ ಅರ್ಧ ದುಡ್ಡು ಹಾಕಿತು. ಅದು ಹಕ್ಕೂ ಅಲ್ಲ ದಾನವೂ ಅಲ್ಲ ಅನ್ನುವಂಥ ಪದ ಬಳಸಿದ್ದಾರೆ, ಇರಲಿ. ಬಿ.ಎಂ. ರೋಡಿನ ಯಾವ ಜಗಳಕ್ಕೂ ಯುರೋಪಿನ ಕಂಪನಿ ಅಷ್ಟು ಬಿಟ್ಟುಕೊಡುತ್ತಿರಲಿಲ್ಲ.

ಹೆಡ್‌ಲೈಟ್ ಬಿಚ್ಚುವವರು ಇಲ್ಲೂ ಇದ್ದಾರಂತೆ, ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡುಗಳಲ್ಲಿ. ಬಿಸಿ ಮಾಡಿ ಅಂಟು ಬಿಡಿಸಿ, ಮಾಡ್ಯೂಲ್ ಬದಲಿಸಿ, ಮತ್ತೆ ಮುಚ್ಚಿ ಕೊಡುತ್ತಾರೆ, ಕಾಲು ಭಾಗ ದುಡ್ಡಿಗೆ. ಕಾರು ಮಾರುವಾಗ ಡೀಲರ್ ಸೀಲ್ ಇಲ್ಲದಿದ್ದರೆ ರೇಟ್ ಬರಲ್ಲ ಅಂತ ನಮ್ಮಂಥವರೇ ಅಲ್ಲಿಗೆ ಹೋಗುವುದಿಲ್ಲ.

ಎಂಒಟಿ ಬಗ್ಗೆ ಮೇಲೆ ಅಷ್ಟು ಗೊಣಗಿದೆ, ನಿಜ. ಆದರೆ ಆ ಪರೀಕ್ಷೆಯಲ್ಲಿ ಲೈಟ್ ಉರಿಯುತ್ತದಾ ಅಂತಷ್ಟೇ ನೋಡುವುದಿಲ್ಲ, ಬೆಳಕು ಎಲ್ಲಿಗೆ ಬೀಳುತ್ತದೆ ಅಂತಲೂ ಅಳೆಯುತ್ತಾರೆ. ಹ್ಯಾಲೊಜೆನ್ ಬಲ್ಬಿನ ಡೂಮಿನೊಳಗೆ ಕಣ್ಣು ಕುಕ್ಕುವ ಎಚ್‌ಐಡಿ ಬಲ್ಬ್ ತುರುಕಿದ್ದರೆ ಫೇಲ್. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುವ ಈ ದೇಶದ ಹಳ್ಳಿ ರಸ್ತೆಯಲ್ಲಿ ಎದುರಿನವನು ಡಿಪ್ ಮಾಡುತ್ತಾನೆ ಅಂತ ನಂಬಿಕೊಂಡು ಓಡಿಸಬಹುದು. ಶಿರಾಡಿ ಘಾಟಿಯಲ್ಲಿ ರಾತ್ರಿ ಓಡಿಸಿದವರಿಗೆ ಈ ಮಾತಿನ ಬೆಲೆ ಗೊತ್ತು.

ಬೆಂಗಳೂರಿನಲ್ಲಿ ಭಾವನ ಹತ್ತಿರವೂ ಇದೇ ಕಂಪನಿಯ ಗಾಡಿ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿಗೆ ಇಳಿಸಿ ಅವರದೂ ಒಂದು ಲೈಟ್ ಹೋಯಿತು. ಡೀಲರ್ ಇಲ್ಲಿಗಿಂತ ಜಾಸ್ತಿ ಹೇಳಿದ, ಪಾರ್ಟು ಹೊರದೇಶದಿಂದ ಬರಬೇಕು, ಯಾವಾಗ ಅಂತ ಹೇಳಕ್ಕಾಗಲ್ಲ ಅಂದ. ಅಂದರೆ ನಾನು ನೆನೆಸಿಕೊಂಡು ಕೊರಗುವ ಊರಿನಲ್ಲೂ ಗಾಜಿನ ಗೋಡೆ ಎದ್ದಿದೆ. ಭಾವ ಕೇಳುವವರಲ್ಲ, ಸೀದಾ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋದರು. ಅಲ್ಲೊಬ್ಬ ಇವರ ಕಣ್ಣೆದುರೇ ಹೀಟ್ ಗನ್ ಹಿಡಿದು ಬಿಚ್ಚಿ, ಒಣಗಿಸಿ, ಸರಿ ಮಾಡಿ, ಸಂಜೆಗೆ ಕೊಟ್ಟನಂತೆ. ಫೋನಿನಲ್ಲಿ ಕೇಳುತ್ತಾ ನನಗೆ ಹೊಟ್ಟೆಕಿಚ್ಚು.

‘ಸರಿಯಾಗಿ ಉರೀತಿದೆಯಾ ಭಾವ?’ ಅಂದೆ.

‘ಸಕತ್ತಾಗಿದೆ ಕಣೋ. ಬೀಮ್ ಒಂಚೂರು ಮೇಲೆ ಹೊಡೀತಿದೆ, ಎದುರಿಗೆ ಬರೋರು ಲೈಟ್ ಹಾಕಿ ಬೈತಾರೆ, ನಾನೂ ವಾಪಸ್ ಹಾಕ್ತೀನಿ.’

ಅಲೈನ್‌ಮೆಂಟ್ ಮಾಡಿಸೋವರೆಗೂ ರಾತ್ರಿ ಹಾಸನಕ್ಕೆ ಹೊರಡಬೇಡಿ ಅಂತ ಅಕ್ಕನ ಕೈಗೆ ಫೋನ್ ಕೊಡಿಸಿ ಹೇಳಿದ್ದೇನೆ.