ಹಾವು ತಿನ್ನುತ್ತಿಲ್ಲವೇ? ಮೊದಲು ಹುತ್ತ ನೋಡಿ

ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಮನೆಯಲ್ಲೊಂದು ರಾಯಲ್ ಪೈಥಾನ್ ಇದೆ. ಘಾನಾ, ಟೋಗೊ, ಬೆನಿನ್ ಕಡೆಯ ಸಣ್ಣ ಹೆಬ್ಬಾವು. ವಿಷ ಇಲ್ಲ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತದೆ, ಅದಕ್ಕೇ ಅಮೆರಿಕದವರು ಬಾಲ್ ಪೈಥಾನ್ ಅನ್ನುತ್ತಾರೆ. ತಂದ ವರ್ಷದ ಚಳಿಗಾಲದಲ್ಲಿ ಅದು ಏಳು ವಾರ ಏನೂ ತಿನ್ನಲಿಲ್ಲ. ತೀರ್ಥಹಳ್ಳಿಯಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ "ಏನಾದ್ರೂ ತಿಂತಾ ಮಗಾ?" ಅಂತ ಕೇಳೋರು. ಇಲ್ಲ ಅಂತ ಹೇಳೋದಕ್ಕೆ ಸಂಕಟ ಆಗುತ್ತಿತ್ತು.

ಆ ಏಳು ವಾರ ನಾನು ಊಟವನ್ನೇ ಬದಲಿಸುತ್ತಾ ಹೋದೆ. ದೊಡ್ಡ ಇಲಿ ಬಿಟ್ಟು ಸುಂಡಿಲಿ ಕೊಟ್ಟೆ, ಬಿಳಿದು ಬಿಟ್ಟು ಕಂದು ಬಣ್ಣದ್ದು ತಂದೆ, ಸಂಜೆ ಬಿಟ್ಟು ನಡುರಾತ್ರಿ ಕೊಟ್ಟು ನೋಡಿದೆ. ತಪ್ಪು ಇಲಿಯಲ್ಲಿ ಇರಲೇ ಇಲ್ಲ, ಪೆಟ್ಟಿಗೆಯಲ್ಲಿತ್ತು.

ಅಂಗಡಿಯವರು ಗಾಜಿನ ಪೆಟ್ಟಿಗೆ, ಪಕ್ಕದ ಗೋಡೆಗೆ ಅಂಟಿಸುವ ಹೀಟ್ ಮ್ಯಾಟ್, ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ಕೊಟ್ಟಿದ್ದರು. ಬಿಸಿ ಹೆಚ್ಚುಕಮ್ಮಿ ಆಗದಂತೆ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೊಡಲಿಲ್ಲ, ಬೇಕು ಅಂತಲೂ ಹೇಳಲಿಲ್ಲ. ಮ್ಯಾಟ್ ಪಕ್ಕದಲ್ಲೇ ಇದ್ದ ಮುಳ್ಳು 30 ಡಿಗ್ರಿ ತೋರಿಸುತ್ತಿತ್ತು. ಡಿಜಿಟಲ್ ಥರ್ಮಾಮೀಟರ್ ತಂದು ಹಾವು ಮಲಗುವ ನೆಲದ ಮೇಲೆ ಅದರ ಪ್ರೋಬ್ (ಬಿಸಿ ಅಳೆಯುವ ತುದಿ) ಇಟ್ಟಾಗ ಸಿಕ್ಕಿದ್ದು 24. ಹಾವಿಗೆ ನಮ್ಮ ಹಾಗೆ ಮೈಯೊಳಗೆ ಬಿಸಿ ಹುಟ್ಟಲ್ಲ. ತಿಂದದ್ದು ಅರಗಬೇಕಾದರೆ ಬಿಸಿ ಹೊರಗಿಂದಲೇ ಸಿಗಬೇಕು. ಸಾಲದೆ ಹೋದರೆ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯಲು ಶುರುವಾಗಿ ವಾಂತಿಯಾಗುತ್ತದೆ, ಅದರಿಂದ ಹಾವು ತುಂಬಾ ಸೊರಗುತ್ತದೆ. ಅಂಥ ತಣ್ಣನೆ ಜಾಗದಲ್ಲಿ ಅದು ಬಾಯಿ ಹಾಕದೆ ಇದ್ದದ್ದೇ ಸರಿ. ಇದರ ಜೊತೆಗೆ ಅಡಗುವ ಗೂಡು ಒಂದೇ ಇತ್ತು, ಅದೂ ಬಿಸಿ ಬದಿಯಲ್ಲಿ. ತಂಪು ಬೇಕು ಅಂದರೆ ಬಯಲಲ್ಲಿ ಮಲಗಬೇಕು. ಹೀಟರ್ ಹಾಕಿದ ಮನೆಯ ಗಾಳಿ ಒಣಗಿ ತೇವ ಶೇಕಡ 40ರ ಹತ್ತಿರ ಇಳಿದಿತ್ತು. ಪಾಪ, ತಿನ್ನುತ್ತಿಲ್ಲವಲ್ಲ ಅಂತ ನಾನು ದಿನಾ ಕೈಗೆತ್ತಿಕೊಂಡು ನೋಡುತ್ತಿದ್ದೆ ಬೇರೆ.

ಎಲ್ಲವನ್ನೂ ಬದಲಿಸಿದೆ. ಥರ್ಮೋಸ್ಟಾಟ್ ಹಾಕಿ ಬಿಸಿ ಬದಿ 32, ತಂಪು ಬದಿ 26ಕ್ಕೆ ತಂದೆ. ಎರಡೂ ಬದಿಗೆ ಒಂದೇ ಥರದ, ಮೈ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಗೂಡು. ಕೆಳಗೆ ತೆಂಗಿನ ನಾರಿನ ಪುಡಿ ಹಾಕಿ ತೇವ 60ರ ಮೇಲೆ ನಿಲ್ಲುವ ಹಾಗೆ ಮಾಡಿದೆ, ಗಾಜಿನ ಮೂರು ಬದಿಗೆ ಕಪ್ಪು ರಟ್ಟು ಅಂಟಿಸಿದೆ. ಹತ್ತು ದಿನ ಮುಟ್ಟಲಿಲ್ಲ. ಆಮೇಲೆ ಒಂದು ರಾತ್ರಿ, ಫ್ರೀಜರಿನ ಇಲಿಯನ್ನು ಕರಗಿಸಿ, ಬಿಸಿನೀರಲ್ಲಿಟ್ಟು ಜೀವಂತ ಇಲಿಯಷ್ಟು ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದೆ. ಈ ಹಾವಿನ ತುಟಿಯ ಮೇಲೆ ಬಿಸಿಯನ್ನು ಗುರುತಿಸುವ ಸಣ್ಣ ಗುಳಿಗಳಿವೆ, ತಣ್ಣನೆ ಇಲಿ ಅದಕ್ಕೆ ಬೇಟೆ ಅಂತ ಅನ್ನಿಸುವುದೇ ಕಷ್ಟ. ಎರಡನೇ ಸಲಕ್ಕೆ ಹಿಡಿದು ಸುತ್ತಿಕೊಂಡಿತು. ಅವತ್ತು ಅಮ್ಮನಿಗೆ ಫೋನ್ ಮಾಡಿದವನು ನಾನು.

ಆಫ್ರಿಕಾದಲ್ಲಿ ಈ ಹಾವು ಹಗಲೆಲ್ಲ ಇಲಿ ಬಿಲದಲ್ಲಿ, ಗೆದ್ದಲು ಕಟ್ಟಿದ ಹುತ್ತದಲ್ಲಿ ಇರುತ್ತದೆ. ಇದನ್ನು ಓದಿದಾಗ ನಮ್ಮೂರಿನ ನಾಗಬನ ನೆನಪಾಯಿತು. ನಮ್ಮಲ್ಲಿ ಹುತ್ತವನ್ನು ಯಾರೂ ಕೆದಕಲ್ಲ, ಹಾವಿಗೆ ಅದರ ಜಾಗ ಬಿಟ್ಟುಬಿಡುತ್ತೇವೆ. ಅದು ನಿಜವಾದ ತಿಳಿವಳಿಕೆ, ಅಲ್ವಾ? ಊಟದ ವಿಷಯದಲ್ಲಿ ಮಾತ್ರ ನಾವು ಎಡವಿದ್ದೇವೆ. ಅಮ್ಮ ಪಂಚಮಿಗೆ ಕಲ್ಲಿಗೆ ತನಿ ಎರೆಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹಾಲು ಹಾವಿನ ಆಹಾರವೇ ಅಲ್ಲ. ಬುಟ್ಟಿಯಲ್ಲಿ ತರುವ ಹಾವು ಹಾಲು ಕುಡಿದರೆ ಅದು ದಿನಗಟ್ಟಲೆ ನೀರಿಲ್ಲದೆ ಬಾಯಾರಿದ್ದಕ್ಕೆ. ಇಲ್ಲಿ ಇಂಗ್ಲೆಂಡಿನವರು ಊಟದ ಲೆಕ್ಕ ಚೆನ್ನಾಗಿ ಬಲ್ಲರು, ಯಾವ ತೂಕದ ಹಾವಿಗೆ ಎಷ್ಟು ಗ್ರಾಂ ಇಲಿ ಅಂತ ಥಟ್ಟನೆ ಹೇಳುತ್ತಾರೆ. ಆದರೆ ನೋಡಲು ಚೆಂದ ಅಂತ ನಾಲ್ಕೂ ಕಡೆ ಗಾಜಿರುವ ಪೆಟ್ಟಿಗೆಯಲ್ಲಿಡುತ್ತಾರೆ. ಹುತ್ತವನ್ನೇ ಮರೆತುಬಿಡುತ್ತಾರೆ.

ಎಲ್ಲ ಉಪವಾಸಕ್ಕೂ ಪೆಟ್ಟಿಗೆಯೇ ಕಾರಣ ಅಂತ ಹೇಳುತ್ತಿಲ್ಲ. ಪೊರೆ ಬಿಡುವ ಮುಂಚೆ ಕಣ್ಣು ಮಂಜಾದಾಗ ಹಾವು ತಿನ್ನದಿರುವುದು ಸಾಮಾನ್ಯ. ಬೆಳೆದ ಗಂಡು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಿಡುವುದೂ ಉಂಟು. ವಾರಕ್ಕೊಮ್ಮೆ ತೂಕ ಬರೆದಿಡಿ. ತೂಕ ಹತ್ತರಲ್ಲೊಂದು ಪಾಲು ಇಳಿದರೆ, ಬಾಯಲ್ಲಿ ನೊರೆ ಕಂಡರೆ ಡಾಕ್ಟರ ಹತ್ತಿರ ಹೋಗಲೇಬೇಕು.

ನಮ್ಮ ದೇಶದ ಹಾವನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದು ಹಾಗೇ ಇರಲಿ. ಬಾಲ್ ಪೈಥಾನ್‌ನಂಥ ಹೊರದೇಶದ ಹಾವನ್ನು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಸಾಕುತ್ತಿರುವ ಬೆಂಗಳೂರಿನವರು "ನಮ್ಮಲ್ಲಿ ಸೆಕೆ, ಹೀಟರ್ ಯಾಕೆ" ಅನ್ನುತ್ತಾರೆ. ಜನವರಿಯಲ್ಲಿ ಅಲ್ಲಿ ರಾತ್ರಿ 16 ಡಿಗ್ರಿಗೆ ಇಳಿಯುತ್ತದಲ್ಲ? ಮುಂದಿನ ಇಲಿ ಕರಗಿಸುವ ಮುಂಚೆ ಪ್ರೋಬನ್ನು ಪೆಟ್ಟಿಗೆಯ ನೆಲಕ್ಕಿಟ್ಟು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎಷ್ಟಿದೆ ಅಂತ ಒಮ್ಮೆ ನೋಡಿ.