ಜೊತೆಗೇನು ಕೊಡ್ತೀರಿ?

ನಮ್ಮ ಮನೆಯಲ್ಲಿ ಯಾವ ವ್ಯಾಪಾರವೂ ಬೆಲೆ ಕೇಳಿದಲ್ಲಿಗೆ ಮುಗಿಯುವುದಿಲ್ಲ. "ಜೊತೆಗೇನು ಕೊಡ್ತೀರಿ?" ಎಂಬುದೊಂದು ಬಾಕಿ ಇರುತ್ತದೆ. ಮಿಕ್ಸಿಗೆ ಮೂರು ಜಾರು ಬರುವುದು ನ್ಯಾಯ. ನಾಲ್ಕನೆಯದು ಬಂದರೆ ಆ ಮಿಕ್ಸಿ ಒಳ್ಳೆಯದು. ಕುಕ್ಕರಿನ ಜೊತೆ ಇಡ್ಲಿ ತಟ್ಟೆ, ಸೀರೆಯ ಜೊತೆ ರವಿಕೆ ಬಟ್ಟೆ, ಸೊಪ್ಪಿನ ಜೊತೆ ನಾಲ್ಕೆಸಳು ಕರಿಬೇವು. ನಮ್ಮತ್ತೆಯಂತೂ ಔಷಧಿ ಅಂಗಡಿಯಲ್ಲೂ ಹಾಗೆ ಕೇಳಿ ಗೋಡೆ ಕ್ಯಾಲೆಂಡರ್ ಗಿಟ್ಟಿಸಿಕೊಂಡು ಬಂದವರು. ಇಂಥ ಮನೆಯ ಸೊಸೆ ಹಾರ್ಡ್‌ಟೇಲ್ ಮೌಂಟನ್ ಬೈಕ್ ಕೊಳ್ಳುತ್ತೇನೆಂದು ಹೊರಟರೆ ವಂಶದ ಮರ್ಯಾದೆಯ ಪ್ರಶ್ನೆ ಏಳುತ್ತದೆ. ಯಾಕೆಂದರೆ ಆ ಸೈಕಲ್ಲಿನ ಜೊತೆ ಏನೂ ಬರುವುದಿಲ್ಲ. ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರ್ ಇಲ್ಲ, ಚೈನಿಗೊಂದು ಕವರ್ ಸಹ ಇಲ್ಲ. ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಫೋರ್ಕ್ ಕೊಟ್ಟವರು ಹಿಂದಿನದಕ್ಕೆ ಅದನ್ನೂ ಕೊಟ್ಟಿರುವುದಿಲ್ಲ. ಹಿಂದೆ ಸ್ಪ್ರಿಂಗ್ ಇಲ್ಲದಿರುವುದೇ ಹಾರ್ಡ್‌ಟೇಲಿನ ಲಕ್ಷಣ. ಇಷ್ಟೆಲ್ಲ ಇಲ್ಲಗಳಿಗೆ ಕೇಳುವ ಬೆಲೆಯೋ, ಎಲ್ಲ ಇರುವ ಸೈಕಲ್ಲಿನ ಎರಡರಷ್ಟು.

ಸೈಕಲ್ಲಿನ ಯೋಚನೆ ಹುಟ್ಟಿದ್ದು ಲ್ಯಾಬಿನ ಚೀಟಿಯಿಂದ. ಮೂರು ತಿಂಗಳ ಸಕ್ಕರೆಯ ಹದ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಇದೆಯಲ್ಲ, ಅದರಲ್ಲಿ 5.7ರಿಂದ 6.4ರೊಳಗೆ ಬಂದರೆ ಇನ್ನೂ ಕಾಯಿಲೆಯಲ್ಲ, ಹೊಸ್ತಿಲ ಮೇಲಿದ್ದೀರಿ ಎಂದು ಲೆಕ್ಕ. ನಾನು ಆ ಹೊಸ್ತಿಲ ಮೇಲೆ ಕಡುಬಿನ ತಟ್ಟೆ ಹಿಡಿದು ಆರಾಮವಾಗಿ ಕೂತಿದ್ದೆ. ವಾರಕ್ಕೆ 150 ನಿಮಿಷವಾದರೂ ಉಸಿರು ಸ್ವಲ್ಪ ಏರುವ ಹಾಗೆ ಮೈ ಆಡಿಸಿ ಎಂದರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ನಡಿಗೆ ಎಲ್ಲರಿಗೂ ಸುಲಭ, ಹೈಸ್ಕೂಲ್ ಟೀಚರಿಗಲ್ಲ. ಚಿಕ್ಕಮಗಳೂರಿನಲ್ಲಿ ಸಂಜೆ ರತ್ನಗಿರಿ ಬೋರೆಯ ಕಡೆ ಹೊರಟೆನೆಂದರೆ ಅದು ವಾಕಿಂಗ್ ಆಗಿ ಉಳಿಯದೆ ಪೋಷಕರ ಸಭೆಯಾಗುತ್ತದೆ. "ನಮ್ಮ ಹುಡುಗ ಸೈನ್ಸಲ್ಲಿ ಹೇಗಿದಾನೆ ಮೇಡಂ?" ಎಂದು ಒಬ್ಬರು ನಿಲ್ಲಿಸಿದರೆ ಏರಿದ ಉಸಿರು ಇಳಿದೇ ಹೋಗುತ್ತದೆ. ಸೈಕಲ್ಲಿನ ಮೇಲಿರುವವರನ್ನು ಯಾರೂ ಅಷ್ಟು ಸಲೀಸಾಗಿ ನಿಲ್ಲಿಸುವುದಿಲ್ಲ. ಅದೂ ಅಲ್ಲದೆ ನನಗೆ ಸೈಕಲ್ ಹೊಸದಲ್ಲ. ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವಳು, ಸಖರಾಯಪಟ್ಟಣದ ಸ್ಕೂಲಿಗೆ ತುಳಿದುಕೊಂಡೇ ಹೋಗುತ್ತಿದ್ದವಳು. ಆಗ ಸೊಂಟವೂ ಇತ್ತು.

ಅಂಗಡಿಯವರು ಮೊದಲು ನನ್ನನ್ನು ಬುಟ್ಟಿ ಇದ್ದ ಲೇಡೀಸ್ ಸೈಕಲ್ಲಿನ ಮುಂದೆ ನಿಲ್ಲಿಸಿದರು. ಅಲ್ಲೂ ಒಂದು 'ಇಲ್ಲ' ಇದೆ: ಸೀರೆ ಲಂಗದವರಿಗೆ ಅಡ್ಡ ಬರಬಾರದೆಂದು ಮೇಲಿನ ಬಾರ್ ತೆಗೆದಿರುತ್ತಾರೆ. ಆ ಇಲ್ಲಕ್ಕೆ ಮಾತ್ರ ಹೆಚ್ಚು ದುಡ್ಡಿಲ್ಲ. ನಾನು ಗುಡ್ಡ ಹತ್ತಬೇಕು ಎಂದೆ. ಅವರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಸಭ್ಯರಾದ್ದರಿಂದ ಏನೂ ಹೇಳದೆ ಇನ್ನೊಂದು ಸಾಲಿಗೆ ಕರೆದೊಯ್ದರು. ಅಲ್ಲಿ ಕಿತ್ತಳೆ ಬಣ್ಣದ ಒಂದು ಸೈಕಲ್. ಮುಂದೊಂದು ಸ್ಪ್ರಿಂಗು, ಸೀಟಿನ ಕೆಳಗೆ ಮುಷ್ಟಿಗಾತ್ರದ ಇನ್ನೊಂದು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಇಪ್ಪತ್ತೊಂದು ಗೇರು, ಮಡ್‌ಗಾರ್ಡು, ಸ್ಟ್ಯಾಂಡು, ನೀರಿನ ಬಾಟಲಿ ಫ್ರೀ. ಹತ್ತು ಸಾವಿರದೊಳಗೆ. "ಫುಲ್ ಲೋಡೆಡ್ ಮೇಡಂ" ಎಂದರು. ಅತ್ತೆ ಜೊತೆಗಿದ್ದಿದ್ದರೆ ಅಲ್ಲೇ ಅರಿಶಿನ ಕುಂಕುಮ ಹಚ್ಚಿಬಿಡುತ್ತಿದ್ದರು. ಅದರ ಪಕ್ಕದಲ್ಲಿ, ಏನೂ ಇಲ್ಲದೆ ಬೂದು ಬಣ್ಣದ ಹಾರ್ಡ್‌ಟೇಲ್ ಒಂದು ಗೋಡೆಗೆ ಒರಗಿ ನಿಂತಿತ್ತು. ಸ್ಟ್ಯಾಂಡ್ ಇಲ್ಲವಲ್ಲ, ಒರಗಲೇಬೇಕು. ಹತ್ತೊಂಬತ್ತು ಸಾವಿರ.

ನನ್ನನ್ನು ಆ ಕಿತ್ತಳೆಯಿಂದ ಕಾಪಾಡಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗ. ಶಕ್ತಿ ಸಂರಕ್ಷಣೆಯ ನಿಯಮ ಬರೆ ಎಂದರೆ ಅರ್ಧ ಅಂಕಕ್ಕೆ ನಿಲ್ಲುವವನು. "ಟೀಚರ್, ಹಿಂದೆ ಶಾಕ್ ಇರೋದು ಬೇಡ. ನಾವು ತುಳಿದಿದ್ದನ್ನ ಅದೇ ತಿನ್ನುತ್ತೆ" ಎಂದ. ಇಡೀ ಪಾಠ ಅಷ್ಟೇ. ಏರಿನಲ್ಲಿ ಎದ್ದು ನಿಂತು ತುಳಿದಾಗ ಕಾಲಿನ ಬಲವೆಲ್ಲ ಚಕ್ರಕ್ಕೆ ಹೋಗಬೇಕು. ಸೀಟಿನ ಕೆಳಗಿನ ಸ್ಪ್ರಿಂಗು ಪ್ರತಿ ತುಳಿತಕ್ಕೂ ಕುಗ್ಗಿ ಹಿಗ್ಗಿ ಅದರಲ್ಲೊಂದು ಪಾಲನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ. ಲಕ್ಷಗಟ್ಟಲೆ ಬೆಲೆಯ ಸೈಕಲ್ಲುಗಳಲ್ಲೂ ಹಿಂದೆ ಸಸ್ಪೆನ್ಷನ್ ಇರುತ್ತದೆ, ಆದರೆ ಅಲ್ಲಿ ಗಾಳಿ, ಎಣ್ಣೆ, ಕವಾಟಗಳೆಲ್ಲ ಸೇರಿ ಆ ಕುಣಿತವನ್ನು ಹಿಡಿದಿಡುತ್ತವೆ. ಹತ್ತು ಸಾವಿರದ್ದರಲ್ಲಿ ಹಿಡಿಯುವವರಿಲ್ಲ, ಕುಣಿಯುವುದಷ್ಟೇ. ಜೊತೆಗೆ ಸ್ಪ್ರಿಂಗಿನ ಭಾರ, ಅದನ್ನು ಹೊರಲು ದಪ್ಪ ಕಬ್ಬಿಣದ ಭಾರ, ಸವೆಯುವ ಕೀಲುಗಳ ಕಿರಗುಟ್ಟುವಿಕೆ. ಕಣ್ಣಿಗೆ ಬೀಳುವ ಕಡೆ ದುಡ್ಡು ಸುರಿದವರು ಕಾಣದ ಕಡೆ ಉಳಿಸಿರುತ್ತಾರೆ: ಪೆಡಲ್ ತಿರುಗುವ ಜಾಗದ ಬೇರಿಂಗು, ಚಕ್ರದ ನಡುವಿನ ಹಬ್ಬು, ಗೇರ್ ಹಾಕುವ ಲಿವರು. ಹಾರ್ಡ್‌ಟೇಲಿನವರು ಒಂದು ಸ್ಪ್ರಿಂಗನ್ನೇ ಬಿಟ್ಟು ಆ ದುಡ್ಡನ್ನು ಅಲ್ಲಿಗೆ ಹಾಕುತ್ತಾರೆ, ಅಂದರೆ ಒಳ್ಳೆಯವರಾದರೆ ಹಾಕುತ್ತಾರೆ. ಮುಂದಿನ ಫೋರ್ಕಿಗೂ ಈ ಬೆಲೆಯಲ್ಲಿ ಗಾಳಿಯದ್ದು ಸಿಗುವುದು ಅಪರೂಪ. ಸ್ಪ್ರಿಂಗಿನದ್ದೇ ಇರಲಿ, ಲಾಕ್‌ಔಟ್ ಇದೆಯೇ ನೋಡಿಕೊಳ್ಳಬೇಕು. ಗುಂಡಿ ತಿರುಗಿಸಿದರೆ ಫೋರ್ಕ್ ಬಿಗಿಯಾಗುತ್ತದೆ, ಟಾರು ರಸ್ತೆಯ ಏರಿನಲ್ಲಿ ಮುಂದಿನ ಚಕ್ರವೂ ನಮ್ಮ ತುಳಿತ ತಿನ್ನುವುದಿಲ್ಲ. ತೋಟದ ಮಣ್ಣುರಸ್ತೆಗೆ ನಾವು ಬಂದಾಗ ಬಿಗಿ ಬಿಟ್ಟರಾಯಿತು.

ಹಾಗೆ ನೋಡಿದರೆ ಈ ಸೈಕಲ್ಲಿನ ಹುಟ್ಟೇ ಸ್ಪ್ರಿಂಗ್ ಇಲ್ಲದೆ ಆದದ್ದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಹುಡುಕಿ ತಂದು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ, ಹೊಸದಾಗಿ ತುಂಬಬೇಕಾಗುತ್ತಿತ್ತಂತೆ. ಅದರಿಂದಲೇ ಅಲ್ಲಿಯ ಪಂದ್ಯಕ್ಕೆ ರೀಪ್ಯಾಕ್ ಎಂದು ಹೆಸರಾಯಿತು. ಕಾರ್ಖಾನೆಯಲ್ಲಿ ರಾಶಿ ರಾಶಿಯಾಗಿ ತಯಾರಾಗಿ ಮಾರಾಟಕ್ಕೆ ಬಂದ ಮೊದಲ ಮೌಂಟನ್ ಬೈಕ್ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್, 1981ರಲ್ಲಿ. ಅದಕ್ಕೆ ಸ್ಪ್ರಿಂಗು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ರಾಕ್‌ಶಾಕ್ಸ್ ಕಂಪನಿಯ ಮುಂದಿನ ಫೋರ್ಕ್ ಬಂದದ್ದು 1989ರಲ್ಲಿ. ಅಲ್ಲಿಯವರೆಗೆ ಬಂಡೆಯ ಏಟನ್ನೆಲ್ಲ ಮೊಣಕೈ ಮೊಣಕಾಲುಗಳೇ ತಿಂದಿವೆ. ಇದನ್ನು ಮನೆಯಲ್ಲಿ ಹೇಳಿದೆ. "ಹಾಗಾದ್ರೆ ಮುಂದಿನ ಸ್ಪ್ರಿಂಗೂ ಬೇಡ ಅನ್ನು, ಇನ್ನೂ ದುಬಾರಿ ಆಗುತ್ತೆ" ಎಂದರು ನಮ್ಮನೆಯವರು, ಪೇಪರ್ ಕೆಳಗಿಳಿಸದೆ.

ನಮ್ಮನೆಯವರಿಗೆ ಅಂಟಿದ ಚಿಂತೆ ತೂಕದ್ದು. ಮೊಬೈಲಿನಲ್ಲಿ ಹುಡುಕಿ ಹುಡುಕಿ, ಹದಿನೈದು ಕಿಲೋದ್ದಕ್ಕಿಂತ ಹದಿಮೂರು ಕಿಲೋದ್ದು ಒಳ್ಳೆಯದೆಂದು ಕಂಡುಕೊಂಡು, ಎರಡು ಕಿಲೋಗೆ ಹನ್ನೆರಡು ಸಾವಿರ ಹೆಚ್ಚು ಕೊಡಲು ತಯಾರಾಗಿಬಿಟ್ಟರು. ಜೊತೆಗೇನು ಎಂದು ಕೇಳುವ ಮನೆಯ ಮಗ, ಕಡಿಮೆಗೆ ಹೆಚ್ಚು ಕೊಡಲು ಅಷ್ಟು ಬೇಗ ಕಲಿತದ್ದು ನನಗೇ ಆಶ್ಚರ್ಯ. ವಿಜ್ಞಾನದ ಟೀಚರಾಗಿ ನಾನು ಲೆಕ್ಕಕ್ಕೆ ಕೂತೆ. ನಾನು 72, ಸೈಕಲ್ 15, ಒಟ್ಟು 87 ಕಿಲೋ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರ್ ಚಿಲ್ಲರೆ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ಸುಮಾರು 1,930. ನಡುವಿನ ಏರು 850 ಮೀಟರ್ ಎಂದಿಟ್ಟುಕೊಳ್ಳೋಣ. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 725 ಕಿಲೋಜೌಲ್. ಮನುಷ್ಯನ ಮೈ ತಿಂದದ್ದರಲ್ಲಿ ನಾಲ್ಕನೇ ಒಂದು ಪಾಲನ್ನೂ ಕೆಲಸಕ್ಕೆ ಹಾಕುವುದಿಲ್ಲ, ಮಿಕ್ಕದ್ದು ಬಿಸಿ, ಬೆವರು. ಹಾಗಾಗಿ ಖರ್ಚಾಗುವುದು 750 ಕಿಲೋಕ್ಯಾಲರಿಯ ಹತ್ತಿರ. ಮೈಮೇಲಿನ ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700. ಎಂದರೆ ಹತ್ತು ಸಲ ಗಿರಿ ಹತ್ತಿದರೆ ಒಂದು ಕಿಲೋ, ಅದೂ ಇಳಿದು ಬಂದು ಕಡುಬು ತಿನ್ನದಿದ್ದರೆ. ಇನ್ನು ಆ ಹನ್ನೆರಡು ಸಾವಿರದ ಎರಡು ಕಿಲೋ ಉಳಿಸುವುದು ನೂರಕ್ಕೆ ಎರಡು ಚಿಲ್ಲರೆ ಪಾಲು ಶ್ರಮ. ಮೈ ಕರಗಿಸಲೆಂದೇ ಕೊಳ್ಳುವ ಸೈಕಲ್ಲಿನಲ್ಲಿ ಶ್ರಮ ಉಳಿಸಲು ದುಡ್ಡು ಕೊಡುವುದು ಯಾವ ಬುದ್ಧಿವಂತಿಕೆ? ಹೇಗೂ ಇಳಿಸಬೇಕಾದ ಕಿಲೋಗಳು ನನ್ನ ಮೇಲೇ ಇವೆ, ಬಿಟ್ಟಿ.

ತೂಕ ಬಿಟ್ಟು ಗೇರಿಗೆ ಕೊಡಿ ಎನ್ನುವುದು ನನ್ನ ಮತ. ಇಪ್ಪತ್ತೊಂದು ಗೇರೆಂದರೆ ಮುಂದೆ ಮೂರು, ಹಿಂದೆ ಏಳು. ಅವುಗಳಲ್ಲಿ ಎಷ್ಟೋ ಒಂದರ ಮೇಲೊಂದು ಬೀಳುತ್ತವೆ, ಕೆಲವನ್ನು ಹಾಕಿದರೆ ಚೈನು ಓರೆಯಾಗಿ ಗೊಣಗುತ್ತದೆ. ಗುಡ್ಡದ ಊರಿನವರು ಎಣಿಸಬೇಕಾದದ್ದು ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲು. ಮುಂದೆ 24, ಹಿಂದೆ 28 ಇದ್ದರೆ ಒಂದು ಸುತ್ತು ತುಳಿತಕ್ಕೆ ಎರಡು ಮೀಟರೂ ಸಾಗುವುದಿಲ್ಲ. ನಡೆಯುವವರು ನಮ್ಮನ್ನು ದಾಟಿಕೊಂಡು ಹೋಗುತ್ತಾರೆ, ಹೋಗಲಿ. ಅದೇ ಸೈಕಲ್ಲಿನಲ್ಲಿ ಮುಂದೆ 42, ಹಿಂದೆ 14 ಹಾಕಿಕೊಂಡು ಕಡೂರಿನ ಕಡೆ ಇಳಿದರೆ ಒಂದೊಂದು ಸುತ್ತಿಗೂ ಆರೂವರೆ ಮೀಟರ್. ಆ ರಸ್ತೆಯೇ ಹಾಗೆ, ಹೋಗುವಾಗ ಸುಖ, ಬರುವಾಗ ಬಡ್ಡಿ. ಈಗ ಮುಂದೆ ಒಂದೇ ಹಲ್ಲುಚಕ್ರ ಇರುವ ಸೈಕಲ್ಲುಗಳೂ ಬಂದಿವೆ. ಮೂರರ ಜಾಗದಲ್ಲಿ ಒಂದು. ಬೆಲೆ? ಊಹಿಸಿಕೊಳ್ಳಿ.

ಅಳತೆಯ ವಿಷಯದಲ್ಲಿ ಮಾತ್ರ ಜಗಳವಾಡಬೇಕು. ಅಂಗಡಿಯಲ್ಲಿರುವ ಸೈಕಲ್ಲೇ ನಮ್ಮ ಅಳತೆ ಎಂದು ನಂಬಿಸುವುದು ಅವರ ಧರ್ಮ. "ಸೀಟ್ ಇಳಿಸಿದ್ರೆ ಸರಿಹೋಗುತ್ತೆ ಮೇಡಂ" ಎನ್ನುತ್ತಾರೆ. ಸೀಟು ಇಳಿಸಿದರೆ ಕಾಲು ನೆಲಕ್ಕೆ ಸಿಗುತ್ತದೆ, ಹ್ಯಾಂಡಲ್ ಹತ್ತಿರ ಬರುವುದಿಲ್ಲ. ಸೀಟು ತೀರ ಕೆಳಗಿದ್ದರೆ ಮಂಡಿ ಮಡಚಿ ಮಡಚಿ ನೋಯುತ್ತದೆ. ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೇರವಾಗಿ, ಮಂಡಿ ಚೂರೇ ಬಾಗಿರಬೇಕು. ಸೈಕಲ್ಲಿನ ಎರಡೂ ಕಡೆ ಕಾಲಿಟ್ಟು ನಿಂತಾಗ ಬಾರಿಗೂ ನಮಗೂ ನಡುವೆ ಎರಡು ಮೂರು ಬೆರಳಾದರೂ ಸಂದಿರಬೇಕು. ಐದಡಿ ಎರಡಂಗುಲದ ನನಗೆ ಚಿಕ್ಕ ಫ್ರೇಮೇ ಬೇಕಿತ್ತು, ತರಿಸಿಕೊಡುವವರೆಗೂ ಕಾದೆ. ಚಕ್ರ ಇಪ್ಪತ್ತೇಳೂವರೆ ಇಂಚಿನದ್ದೋ ಇಪ್ಪತ್ತೊಂಬತ್ತರದ್ದೋ ಎಂದು ಗಂಡಸರು ಚಹಾದ ಮುಂದೆ ಕೂತು ವಾದ ಮಾಡುತ್ತಾರೆ. ಫ್ರೇಮ್ ಚಿಕ್ಕದಾದ ಮೇಲೆ ನನಗೆ ಇಪ್ಪತ್ತೇಳೂವರೆಯೇ ಬಂತು, ವಾದಕ್ಕೆ ಜಾಗ ಉಳಿಯಲಿಲ್ಲ.

ಬ್ರೇಕಿನ ವಿಷಯಕ್ಕೆ ನಮ್ಮ ಬೀದಿಯ ಸೈಕಲ್ ರಿಪೇರಿ ಯಜಮಾನರನ್ನು ಕೇಳಿದೆ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಿಂದ ಸೈಕಲ್ ಹಂಚತೊಡಗಿದ ಮೇಲೆ ನಮ್ಮ ಸ್ಕೂಲಿನ ಸೈಕಲ್ಲುಗಳೆಲ್ಲ ಅವರ ಕೈಯಲ್ಲೇ ಬದುಕಿದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಊರಿನಲ್ಲಿ ರಿಮ್ಮಿಗೆ ಹಿಡಿಯುವ ಬ್ರೇಕು ಒದ್ದೆಯಾದರೆ ಜಾರುತ್ತದೆ, ಮಣ್ಣು ಸೇರಿ ರಿಮ್ಮನ್ನೇ ಉಜ್ಜಿ ತಿನ್ನುತ್ತದೆ, ಡಿಸ್ಕೇ ಇರಲಿ ಎಂದರು. ಆದರೆ ಎಣ್ಣೆಯದ್ದು ಬೇಡ, ಕೇಬಲ್ಲಿನದ್ದು ತಗೊಳ್ಳಿ ಎಂದರು. "ಎಣ್ಣೆದು ಮೆತ್ತಗೆ ಹಿಡಿಯುತ್ತೆ ಟೀಚರಮ್ಮ, ಚೆನ್ನಾಗೇ ಇರುತ್ತೆ. ಒಳಗೆ ಗಾಳಿ ಸೇರ್ಕೊಂಡ್ರೆ ಸಾಮಾನು ನನ್ನ ಹತ್ರ ಇಲ್ಲ. ಕೇಬಲ್ ಕಡಿದ್ರೆ ಹತ್ತು ನಿಮಿಷ." ಇಷ್ಟು ಪ್ರಾಮಾಣಿಕವಾಗಿ ಇಲ್ಲ ಎಂದವರನ್ನು ನಾನು ಕಂಡಿರಲಿಲ್ಲ. ಕೇಬಲ್ಲಿನದ್ದೇ ಬಂತು. ಬಂದ ದಿನ ಯಜಮಾನರು ಸೈಕಲ್ ತಲೆಕೆಳಗು ನಿಲ್ಲಿಸಿ, ಚಕ್ರ ತಿರುಗಿಸಿ ಔಟ್ ಇದೆಯಾ, ಅಂದರೆ ಓಲಾಡುತ್ತದಾ ನೋಡಿ, ಎರಡು ಕಡ್ಡಿ ಬಿಗಿ ಮಾಡಿ, ಪೆಡಲಿನ ಕೈ ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. "ಹಿಂದ್ಗಡೆ ಸ್ಪ್ರಿಂಗ್ ಇಲ್ದಿರೋದೇ ಒಳ್ಳೇದಾಯ್ತು, ನನಗೂ ಕೆಲಸ ಕಮ್ಮಿ" ಎಂದರು.

ಮಳೆಗೆ ಮುಂಚೆ ಮಡ್‌ಗಾರ್ಡ್ ಹಾಕಿಸಬೇಕಾಯಿತು, ಇಲ್ಲದಿದ್ದರೆ ಬೆನ್ನ ಮೇಲೆ ಕೆಂಪು ಮಣ್ಣಿನ ರಂಗೋಲಿ ಬಿಡಿಸಿಕೊಂಡೇ ಸ್ಟಾಫ್ ರೂಮಿಗೆ ಹೋಗಬೇಕು. ಎಲ್ಲೆಂದರಲ್ಲಿ ಒರಗಿಸಿ ಬಣ್ಣ ಉಜ್ಜಿಹೋಗುತ್ತದೆಂದು ಸ್ಟ್ಯಾಂಡ್. ವಾರದ ಕೊನೆಗೆ ಗಿರಿಗೆ ಹೋಗುವ ಕಾರುಗಳ ಸಾಲಿನಲ್ಲಿ ಪ್ರಾಣ ಉಳಿಯಲೆಂದು ಬೆಲ್ಲು, ಹಿಂದೊಂದು ಕೆಂಪು ದೀಪ, ಹೆಲ್ಮೆಟ್ಟು. ಒಂದೊಂದಕ್ಕೂ ಬೇರೆ ಬೇರೆ ಬಿಲ್ಲು. ಅತ್ತೆ ಇದೆಲ್ಲವನ್ನೂ ಜಗಲಿಯಿಂದಲೇ ಗಮನಿಸುತ್ತಿದ್ದವರು ಕಡೆಗೆ ತಮ್ಮ ಅರ್ಜಿಯನ್ನೂ ಹಾಕಿದರು: ರಾಗಿ ಬೀಸಿಸಿಕೊಂಡು ಬರಲು ಹಿಂದೊಂದು ಕ್ಯಾರಿಯರ್. ಡಿಸ್ಕ್ ಬ್ರೇಕಿನ ಗೂಡು ಅಡ್ಡ ಬಂದು ಕ್ಯಾರಿಯರ್ ಕಾಲು ಕೂರಲಿಲ್ಲ. ಯಜಮಾನರು ನಡುವೆ ಉದ್ದದ ಬೋಲ್ಟು, ಮೂರು ವಾಷರ್ ಕೊಟ್ಟು ಕೂರಿಸಿದರು.

ಐದು ಕಿಲೋ ಹಿಟ್ಟಿನ ಚೀಲ ಕಟ್ಟಿಕೊಂಡು, ಇಪ್ಪತ್ತೆಂಟರ ಹಲ್ಲಿಗೆ ಚೈನು ಹಾಕಿ, 92 ಕಿಲೋಗೆ ಲೆಕ್ಕ ತಿದ್ದಿಕೊಳ್ಳುತ್ತಾ ಮಿಲ್ಲಿನಿಂದ ಏರು ಹತ್ತಿ ಬಂದೆ. ಅತ್ತೆ ಚೀಲ ಇಳಿಸಿಕೊಂಡು ಸೈಕಲ್ಲನ್ನು ಹಿಂದೆ ಮುಂದೆ ನೋಡಿದರು. "ಎಲ್ಲಾ ಇದೆಯಲ್ಲೇ ಈಗ. ಆ ಹತ್ತು ಸಾವಿರದ್ದರಲ್ಲಿ ಇವೆಲ್ಲಾ ಮೊದಲೇ ಇತ್ತಂತಲ್ಲ?" ಎಂದರು. ಏದುಸಿರಿನಲ್ಲಿ ಉತ್ತರ ಕೊಡಲು ಆಗಲಿಲ್ಲ. "ನೀರಿನ ಬಾಟ್ಲಿ ಬೇರೆ ಫ್ರೀ" ಎಂದು ಸೇರಿಸಿ ಒಳಗೆ ಹೋಗಿ, ಲೋಟದಲ್ಲಿ ನೀರು ತಂದುಕೊಟ್ಟರು.