ಎಂಟು ಕಾಲಿನ ಉಣುಗು

ಹೋದ ಮಳೆಗಾಲದಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬಂದವನು, ಜೇಬಿನಿಂದ ಒಂದು ಸಣ್ಣ ಪಟ್ಟಿ ತೆಗೆದು ಟೀಪಾಯಿ ಮೇಲೆ ಇಟ್ಟ. ಹೆಬ್ಬೆರಳಿನಷ್ಟು ಅಗಲ, ತೋರುಬೆರಳಿನಷ್ಟು ಉದ್ದ.

"ಮಾವ, ಲ್ಯಾಪ್‌ಟಾಪಿಗೆ ದೊಡ್ಡದು ಹಾಕ್ಸಿದೆ. ಇದು 500 ಜಿಬಿ ಎಸ್‌ಎಸ್‌ಡಿ. ಸುಮ್ನೆ ಬಿದ್ದಿತ್ತು. ಬೇಕಾ?"

ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಕೆಲಸವನ್ನೇ ಬಹಳ ಬೇಗ ಮಾಡುವ, ಚಿಪ್ಪಿನಿಂದಾದ ಡಿಸ್ಕು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವವರ ಪೈಕಿ ನಾನು. ಬೇಡ ಅನ್ನುವ ಪ್ರಶ್ನೆಯೇ ಇರಲಿಲ್ಲ.

ನಮ್ಮ ಮನೆಯ ಕಂಪ್ಯೂಟರು 2012ರ ಕೊನೆಯಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಬಿ75 ಮದರ್‌ಬೋರ್ಡು, ಐ5-3470 ಪ್ರಾಸೆಸರು, 8 ಜಿಬಿ ರ‍್ಯಾಮು, ಒಂದು ಹಾರ್ಡ್ ಡಿಸ್ಕು. ಅಷ್ಟೂ ದಾರಿ ಬಸ್ಸಿನಲ್ಲಿ ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ತಂದಿದ್ದೆ. ಈಗ ಅದು ಅಮ್ಮನ ಪಾಲಿಗೆ ಬಂದಿದೆ. ಅಮ್ಮನಿಗೆ ಬೆಳಿಗ್ಗೆ ಬೆಳಿಗ್ಗೆ ಯೂಟ್ಯೂಬಿನಲ್ಲಿ ತಾಳಮದ್ದಳೆ ಬೇಕು. ಅವಳದ್ದೊಂದು ಕ್ರಮ ಇದೆ. ಎದ್ದವಳೇ ಕಂಪ್ಯೂಟರಿನ ಬಟನ್ ಒತ್ತುತ್ತಾಳೆ, ಬುಟ್ಟಿ ಹಿಡಿದು ಹಿತ್ತಲಿಗೆ ಹೋಗುತ್ತಾಳೆ. ದಾಸವಾಳ, ನಂದಿಬಟ್ಟಲು, ಕೊನೆಗೆ ಎರಡು ಕುಡಿ ತುಳಸಿ. ಹೂ ಕೊಯ್ದು, ಕೈ ತೊಳೆದು ಬರುವ ಹೊತ್ತಿಗೆ ಕಂಪ್ಯೂಟರು ಆಗಷ್ಟೇ ಕಣ್ಣು ಬಿಟ್ಟು ಕೂತಿರುತ್ತದೆ. ಅಮ್ಮನಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ನನಗೆ.

ಅಳಿಯ ಕೊಟ್ಟಿದ್ದು ಎಸ್‌ಎಸ್‌ಡಿಗಳಲ್ಲೇ ಹೊಸ ಪದ್ಧತಿಯ, ಹೆಚ್ಚು ವೇಗದ ಎನ್‌ವಿಎಂಇ ಜಾತಿಯದು. ನಮ್ಮ ಬೋರ್ಡು ಹುಟ್ಟಿದಾಗ ಅದನ್ನು ಸಿಕ್ಕಿಸುವ ಎಂ.2 ಸ್ಲಾಟು ಇರಲಿಲ್ಲ. ಆದರೆ ಗ್ರಾಫಿಕ್ಸ್ ಕಾರ್ಡು ಕೂರಿಸುವ ಉದ್ದನೆಯ ಸ್ಲಾಟು ಇಷ್ಟು ವರ್ಷದಿಂದ ಧೂಳು ತಿನ್ನುತ್ತಾ ಖಾಲಿ ಬಿದ್ದಿತ್ತು. ಅದಕ್ಕೊಂದು ಅಡಾಪ್ಟರ್ ಕಾರ್ಡು ತರಿಸಿದೆ. 350 ರೂಪಾಯಿ. ಸಿಕ್ಕಿಸಿದೆ. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಇದ್ದದ್ದು ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮು, ಯಾಕೆಂದರೆ ವಿಂಡೋಸ್ 11 ಈ ಪ್ರಾಸೆಸರನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಲಿನಕ್ಸು ಹೊಸ ಡಿಸ್ಕನ್ನು ತಕ್ಷಣ ಗುರುತು ಹಿಡಿಯಿತು. ಇದ್ದದ್ದೆಲ್ಲವನ್ನೂ ಅದಕ್ಕೆ ಕಾಪಿ ಮಾಡಿದೆ. ಇನ್ನೇನು, ಅದರಿಂದಲೇ ಬೂಟ್ ಮಾಡಿದರೆ, ಅಂದರೆ ಕಂಪ್ಯೂಟರನ್ನು ಎಬ್ಬಿಸಿದರೆ ಆಯಿತು ಎಂದುಕೊಂಡು ರೀಸ್ಟಾರ್ಟ್ ಮಾಡಿದೆ. ಬಯೋಸ್ ಮೆನುವಿನಲ್ಲಿ ಹಾರ್ಡ್ ಡಿಸ್ಕ್ ಇತ್ತು, ಡಿವಿಡಿ ಇತ್ತು, ಯಾವ ಕಾಲದಲ್ಲೋ ಮರೆತು ಬಿಟ್ಟಿದ್ದ ಪೆನ್‌ಡ್ರೈವ್ ಕೂಡ ಇತ್ತು. ಹೊಸಬನ ಸುಳಿವೇ ಇಲ್ಲ.

ಬಯೋಸ್ ಅಂದರೆ ಬಟನ್ ಒತ್ತಿದೊಡನೆ ಮೊದಲು ಓಡುವ, ಬೋರ್ಡಿನ ಚಿಪ್ಪಿನಲ್ಲೇ ಇರುವ ಪ್ರೋಗ್ರಾಮು. ಜಗಲಿಯಲ್ಲಿ ಕೂತ ಅಜ್ಜ ಇದ್ದ ಹಾಗೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಅವನೇ. ಬಂದವರನ್ನು "ಯಾರ ಮನೆಯವ ನೀನು?" ಎಂದು ಕೇಳಿಯೇ ಒಳಗೆ ಬಿಡುವುದು. ಹಾರ್ಡ್ ಡಿಸ್ಕಿನ ಕುಲಗೋತ್ರ ಗೊತ್ತು, ಪೆನ್‌ಡ್ರೈವಿನದೂ ಗೊತ್ತು. ಎನ್‌ವಿಎಂಇ ಎಂಬ ಪದ್ಧತಿಯ ಮೊದಲ ಆವೃತ್ತಿ ಬಂದಿದ್ದೇ 2011ರ ಮಾರ್ಚಿನಲ್ಲಿ. ಮರುವರ್ಷ ಬಂದ ನಮ್ಮ ಬೋರ್ಡಿನ ಅಜ್ಜನಿಗೆ ಆ ಮನೆತನದ ಪರಿಚಯವನ್ನು ಯಾರೂ ಮಾಡಿಕೊಟ್ಟಿರಲಿಲ್ಲ. ಅವನು ಮುಖ ತಿರುಗಿಸಿಕೊಂಡು ಕೂತಿದ್ದ.

"ಅದಕ್ಕೆ ಹೊಂದುವಂಥದ್ದೇ ಒಂದು ತಗೊಂಡ್ರೆ ಆಗಲ್ವಾ?" ಅಂದಳು ಹೆಂಡತಿ. ಆಗುತ್ತಿತ್ತು. ಹಾರ್ಡ್ ಡಿಸ್ಕಿನಂತೆಯೇ ಕೇಬಲ್ಲಿಗೆ ಜೋಡಿಸುವ ಸಾಟಾ ಎಸ್‌ಎಸ್‌ಡಿ ತಂದು ಸಿಕ್ಕಿಸಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಅದು ಸೆಕೆಂಡಿಗೆ 550 ಎಂಬಿ ಓಡಿದರೆ ಹೆಚ್ಚು. ಇದು ಅದರ ಐದಾರು ಪಟ್ಟು ಓಡುವ ಕುದುರೆ. ಅದೂ ಬಿಟ್ಟಿ ಕುದುರೆ.

"ಬಿಟ್ಟಿ ಅಂತ 350 ರೂಪಾಯಿ ಹೋಯ್ತಲ್ಲ."

ಲಂಗೋಟಿಯನ್ನು ಇಲಿಯಿಂದ ಕಾಪಾಡಲು ಬೆಕ್ಕು ಸಾಕಿದ ಸನ್ಯಾಸಿಯ ಕಥೆ ನನಗೂ ಗೊತ್ತು. ಆದರೆ ಬೆಕ್ಕು ಆಗಲೇ ಮನೆಗೆ ಬಂದಾಗಿತ್ತು. ಇನ್ನು ಹಸು ಮಾತ್ರ ಬಾಕಿ.

ಅಜ್ಜನಿಗೆ ಹೊಸ ನೆಂಟನ ಪರಿಚಯ ಮಾಡಿಸಲು ಒಂದು ದಾರಿ ಇದೆ. ಬಯೋಸಿನ ಫೈಲನ್ನು ಬಿಚ್ಚಿ, ಅದರೊಳಗೆ ಎನ್‌ವಿಎಂಇ ಡಿಸ್ಕಿನ ಗುರುತು ಹೇಳಿಕೊಡುವ ಪುಟ್ಟ ಪ್ರೋಗ್ರಾಮನ್ನು, ಅಂದರೆ ಡ್ರೈವರನ್ನು ತೂರಿಸಿ, ಮತ್ತೆ ಮುಚ್ಚಿ, ಬೋರ್ಡಿಗೆ ಬರೆಯುವುದು. ಫೈಲು 8 ಎಂಬಿ. ಡ್ರೈವರು ಕೆಲವೇ ಕೆಬಿ. ಯುಇಎಫ್‌ಐಟೂಲ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಫೈಲು ತೆರೆದರೆ ಒಳಗೆ ನೂರಾರು ಮಾಡ್ಯೂಲುಗಳು, ಜಾತ್ರೆಗೆ ಹೊರಟ ಬಸ್ಸಿನ ಹಾಗೆ ಒತ್ತಿಕೊಂಡು ಕೂತಿವೆ. ನಮ್ಮ ಡ್ರೈವರನ್ನು ಕೊನೆಯ ಸೀಟಿನ ಪಕ್ಕ, ಯಾರ ಕಾಲೂ ತುಳಿಯದಂತೆ ಕೂರಿಸಬೇಕು. ಮಧ್ಯೆ ಜಾಗ ತುಂಬಲು ಇಟ್ಟಿರುವ ಪ್ಯಾಡ್ ಫೈಲು ಅಂತ ಒಂದು ಇರುತ್ತದೆ. ಖಾಲಿ ಇದೆಯಲ್ಲ ಅಂತ ಅದನ್ನು ಅಲ್ಲಾಡಿಸಿದರೆ ಇಡೀ ಬಸ್ಸೇ ಪಲ್ಟಿ. ಈ ಕೆಲಸವನ್ನು ನಾನು ಚೆನ್ನಾಗಿಯೇ ಮಾಡಿದೆ. ಇಡೀ ಪ್ರಸಂಗದಲ್ಲಿ ನಾನು ಚೆನ್ನಾಗಿ ಮಾಡಿದ್ದು ಅಂದರೆ ಇದೊಂದೇ, ಆದ್ದರಿಂದ ಹೇಳಿಕೊಳ್ಳುತ್ತಿದ್ದೇನೆ.

ತಯಾರಾದ ಫೈಲನ್ನು ಬೋರ್ಡಿನ ಬಯೋಸ್ ಅಪ್‌ಡೇಟ್ ಮೆನುವಿನಿಂದಲೇ ಬರೆಯಲು ಹೋದರೆ, "ಇದು ನಮ್ಮ ಫೈಲಲ್ಲ" ಎಂದು ಅದು ಕೈ ಅಲ್ಲಾಡಿಸಿತು. ಕಂಪನಿಯ ಸಹಿ ಹೊಂದುತ್ತಿಲ್ಲವಂತೆ. ಬ್ಯಾಂಕಿನಲ್ಲಿ ನನ್ನ ಸಹಿಯೇ ನನಗೆ ಹೊಂದುವುದಿಲ್ಲ, ಹಾಗಾಗಿ ಬೇಜಾರಾಗಲಿಲ್ಲ. ಇನ್ನು ಉಳಿದದ್ದು ಒಂದೇ. ಬಯೋಸ್ ಚಿಪ್ಪನ್ನು ಬೋರ್ಡಿನಿಂದ ಕಿತ್ತು, ಹೊರಗೇ ಬರೆದು, ಮತ್ತೆ ಕೂರಿಸುವುದು. ಅದಕ್ಕೆ ಸಿಎಚ್341ಎ ಎಂಬ ಪ್ರೋಗ್ರಾಮರ್, ಅಂದರೆ ಚಿಪ್ಪನ್ನು ಓದಿ ಬರೆಯುವ ಪುಟ್ಟ ಉಪಕರಣ ಬೇಕು. 450 ರೂಪಾಯಿ. ಹಸು ಬಂತು.

"ಬಯೋಸ್ ಹಾಳಾದ್ರೆ ಏನಾಗುತ್ತೆ?" ಎಂದು ಕೇಳಿದಳು ಹೆಂಡತಿ.

ನಾನು ನನ್ನ ಜ್ಞಾನ ತೋರಿಸಲು ಹೋದೆ. 1999ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಂತ ಕರೆಯುತ್ತಿದ್ದ ವೈರಸ್ ಎಷ್ಟೋ ಕಂಪ್ಯೂಟರುಗಳ ಬಯೋಸ್ ಚಿಪ್ಪನ್ನೇ ಅಳಿಸಿಹಾಕಿತ್ತು, ಅವು ಮರುದಿನ ಏಳಲೇ ಇಲ್ಲ, ಎಂದೆಲ್ಲಾ ವಿವರಿಸಿದೆ.

"ಅಂದ್ರೆ ವೈರಸ್ ಮಾಡೋ ಕೆಲಸ ಈ ಸಲ ನೀವೇ ಮಾಡ್ತಿದ್ದೀರಿ."

ಭಾನುವಾರ ಮಧ್ಯಾಹ್ನ. ಹೊರಗೆ ಮಳೆ ಹೊಯ್ಯುತ್ತಿತ್ತು. ನಡುಮನೆಯಲ್ಲಿ ಕಂಪ್ಯೂಟರನ್ನು ಅಡ್ಡ ಮಲಗಿಸಿ, ಪಕ್ಕದ ಬಾಗಿಲು ಬಿಚ್ಚಿದೆ. ಎರಡು ಮಾರು ದೂರದಲ್ಲಿ ಅಮ್ಮ ಗೋಡೆಗೆ ಒರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಯೋಸ್ ಚಿಪ್ಪು ನೋಡಿದ್ದೀರಾ? ಕಪ್ಪು ಹೊಟ್ಟೆ, ಎರಡೂ ಕಡೆ ನಾಲ್ಕು ನಾಲ್ಕು ಕಾಲು. ಮಲೆನಾಡಿನವರಿಗೆ ಬೇಗ ಅರ್ಥವಾಗುವಂತೆ ಹೇಳುವುದಾದರೆ, ಬ್ಯಾಣಕ್ಕೆ ಹೋಗಿ ಬಂದಾಗ ಕಾಲಿಗೆ ಕಚ್ಚಿಕೊಂಡಿರುವ ಉಣುಗು. ಸ್ವಲ್ಪ ದೊಡ್ಡದು ಅಷ್ಟೆ. ಅದು ಒಂದು ಸಣ್ಣ ಸಾಕೆಟ್ಟಿನಲ್ಲಿ ಕಚ್ಚಿಕೊಂಡು ಕೂತಿತ್ತು. ಕೀಳಲು ಪ್ರತ್ಯೇಕ ಇಕ್ಕಳ ಸಿಗುತ್ತದೆ. ನನ್ನ ಹತ್ತಿರ ಇದ್ದದ್ದು ಹೊಲಿಗೆ ಮೆಷಿನ್ನಿನ ಡಬ್ಬಿಯಲ್ಲಿ ಸಿಕ್ಕ ಪುಟ್ಟ ಸ್ಕ್ರೂಡ್ರೈವರ್. ಈ ಕಡೆಯಿಂದ ಒಂದಿಷ್ಟು ಮೀಟಿದೆ, ಆ ಕಡೆಯಿಂದ ಒಂದಿಷ್ಟು ಮೀಟಿದೆ. ಜಪ್ಪಯ್ಯ ಅಂದರೂ ಬರಲಿಲ್ಲ. ಇನ್ನೊಂಚೂರು ಜೋರು ಮಾಡೋಣ ಅಂತ ಕೈಗೆ ಬಲ ಕೊಟ್ಟೆ.

ಟಪ್ ಅಂತ ಒಂದು ಸದ್ದು. ಸಾಕೆಟ್ಟು ಖಾಲಿ. ಕೈಯಲ್ಲೂ ಏನಿಲ್ಲ.

ಉಸಿರು ಹಿಡಿದು ನೆಲದ ಮೇಲೆ ಕೈ ಆಡಿಸಿದೆ. ಮೊಬೈಲ್ ಬೆಳಕು ಹಾಕಿ ಸೋಫಾದ ಅಡಿಗೆ ನುಗ್ಗಿದೆ. ಕಳೆದ ದೀಪಾವಳಿಯ ಸುರುಸುರು ಕಡ್ಡಿ ಸಿಕ್ಕಿತು, ನನ್ನದೇ ಒಂದು ಶರ್ಟಿನ ಗುಂಡಿ ಸಿಕ್ಕಿತು. ಹತ್ತು ನಿಮಿಷ ಆದಮೇಲೆ ಅಮ್ಮನ ದನಿ ಕೇಳಿತು.

"ಈ ಸಲದ ಅಕ್ಕಿಯಲ್ಲಿ ಎಂತೆಂಥ ಹುಳ ಮಾರಾಯ! ಇದಕ್ಕೆ ಎಂಟು ಕಾಲಿದೆ ನೋಡು."

ತಲೆ ಎತ್ತಿದರೆ ಸೋಫಾದ ಮರ ತಾಗಿ ಕಣ್ಣು ಕತ್ತಲೆ ಬಂತು. ಅಷ್ಟರಲ್ಲಿ ಅಮ್ಮ ಎರಡು ಬೆರಳಿನಲ್ಲಿ ಹುಳವನ್ನು ಹಿಡಿದು, ಅಂಗಳಕ್ಕೆ ಎಸೆಯಲು ಕೈ ಬೀಸಿದ್ದಳು. "ಅಮ್ಮಾ ಅದು ಬಯೋಸು!" ಎಂದು ಕೂಗಿದೆ. ನನ್ನ ಕೂಗಿಗೆ ಅವಳು ಬೆಚ್ಚಿ ಬಿಟ್ಟಳು. ಮೊರ ಕವುಚಿತು. ಅಕ್ಕಿಯೂ ಬಯೋಸೂ ಒಟ್ಟಿಗೆ ನೆಲದ ಪಾಲಾದವು. ಎರಡು ಸೇರು ಅಕ್ಕಿಯನ್ನು ನಾನೇ ಆರಿಸಬೇಕಾಯಿತು. ಮದುವೆಯಾದ ಮೇಲೆ ಹೆಂಡತಿ ನನ್ನನ್ನು ಅಷ್ಟು ಸಂತೋಷದಿಂದ ನೋಡಿದ್ದು ಅದೇ ಮೊದಲು.

ಸಿಕ್ಕ ಚಿಪ್ಪನ್ನು ಒರೆಸಿ ಪ್ರೋಗ್ರಾಮರಿನಲ್ಲಿ ಕೂರಿಸಿದೆ. ಒಳಗಿದ್ದದ್ದನ್ನು ಎರಡು ಸಲ ಓದಿ, ಎರಡೂ ಒಂದೇ ಇದೆಯಾ ಎಂದು ತಾಳೆ ನೋಡಿ, ಲ್ಯಾಪ್‌ಟಾಪಿನಲ್ಲಿ ಜೋಪಾನವಾಗಿ ಇಟ್ಟೆ. ಇದು ಅಳಿಯನ ಕಟ್ಟುನಿಟ್ಟಿನ ಅಪ್ಪಣೆ. ಆಮೇಲೆ ಹೊಸ ಫೈಲು ಬರೆದೆ. ಚಿಪ್ಪನ್ನು ಬೋರ್ಡಿಗೆ ಒತ್ತಿದೆ. ಬಟನ್ ಒತ್ತಿದೆ.

ಫ್ಯಾನು ತಿರುಗಿತು. ಅಷ್ಟೇ. ಪ್ರತಿ ಸಲ ಶುರುವಿನಲ್ಲಿ ಕುಂಯ್ ಅನ್ನುವ ಒಂದು ಬೀಪ್ ಬರುತ್ತಿತ್ತು. ಅದು ಬರಲಿಲ್ಲ. ಪರದೆ ಕಪ್ಪು. ತೆಗೆದು ಹಾಕಿದೆ, ಕಪ್ಪು. ರ‍್ಯಾಮ್ ಬಿಚ್ಚಿ ಉಜ್ಜಿ ಹಾಕಿದೆ, ಕಪ್ಪು. ನಾಣ್ಯದಂಥ ಸೆಲ್ಲು ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ. ಅದೂ ಕಪ್ಪು. ಅಷ್ಟರಲ್ಲಿ ಕರೆಂಟು ಹೋಯಿತು. ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಕರೆಂಟಿಲ್ಲದಾಗ ಎಲ್ಲರ ಮನೆಯ ಕಂಪ್ಯೂಟರೂ ಒಂದೇ.

ಮರುದಿನ ಬೆಳಿಗ್ಗೆ ಅಮ್ಮ ಹೂಬುಟ್ಟಿ ಹಿಡಿದು ನನ್ನ ಮಂಚದ ಹತ್ತಿರ ನಿಂತಳು. "ಸಂಧಾನಕ್ಕೆ ಹೊರಟ ಕೃಷ್ಣ ಇನ್ನೇನು ಕೌರವನ ಸಭೆಗೆ ಬರುವವನಿದ್ದ. ಅಲ್ಲಿಗೇ ನಿಂತಿದೆ." ಅದರ ಮರುದಿನವೂ ಬಂದು ನಿಂತಳು. "ಕೃಷ್ಣ ಇನ್ನೂ ದಾರಿಯಲ್ಲೇ ಇದ್ದಾನೇನೋ?" ಇದ್ದಾನಮ್ಮ, ಮಳೆ ಅಲ್ವಾ, ನಿಧಾನ ಆಗುತ್ತೆ ಅಂದೆ.

ಮೂರನೇ ದಿನ ಅಮ್ಮನ ಪಂಚಾಂಗ ಓದುವ ಭೂತಗನ್ನಡಿ ಹಿಡಿದು ಚಿಪ್ಪನ್ನು ನೋಡಿದೆ. ಏಳು ಕಾಲು ಸಾಕೆಟ್ಟಿನೊಳಗೆ ಸರಿಯಾಗಿ ಇಳಿದಿದ್ದವು. ಎಂಟನೆಯದು ಮಾತ್ರ ಹೊಟ್ಟೆಯಡಿ ಮಡಚಿಕೊಂಡು ಹಾಯಾಗಿ ಮಲಗಿತ್ತು. ನಾನು ಒತ್ತುವಾಗ ಹಾಗಾಗಿದೆ. ಹೊಲಿಗೆ ಸೂಜಿಯಿಂದ ಮೆಲ್ಲಗೆ ಎಬ್ಬಿಸಿ ನೆಟ್ಟಗೆ ಮಾಡಿದೆ. ಕೈ ನಡುಗುತ್ತಿತ್ತು. ಒತ್ತಿದೆ.

ಕುಂಯ್!

ಆ ಬೀಪಿಗೆ ಮನೆಯವರೆಲ್ಲ ಓಡಿ ಬಂದರು. ಬಯೋಸ್ ಮೆನು ತೆರೆದೆ. ಪಟ್ಟಿಯಲ್ಲಿ ಹೊಸದೊಂದು ಹೆಸರು ಸೇರಿತ್ತು: ಪಾಟಾ ಎಸ್‌ಎಸ್. ಹೀಗೆ ಮಾರ್ಪಡಿಸಿದ ಬಯೋಸಿನಲ್ಲಿ ಎನ್‌ವಿಎಂಇ ಡಿಸ್ಕು ಎಷ್ಟೋ ಬೋರ್ಡುಗಳಲ್ಲಿ ಇದೇ ಹೆಸರಿನಿಂದ ಕಾಣಿಸುವುದು. ಪಾಟಾ ಅಂದರೆ ಸಾಟಾಕ್ಕಿಂತ ಮುಂಚಿನದು, ಲಾಡಿಯಂಥ ಅಗಲ ಕೇಬಲ್ಲಿನ ಕಾಲದ್ದು. ಅಜ್ಜನಿಗೆ ಪರಿಚಯವೇನೋ ಆಯಿತು. ಆದರೆ ಮೊಮ್ಮಗನನ್ನು ಸತ್ತುಹೋದ ತನ್ನ ತಮ್ಮನ ಹೆಸರಿನಿಂದ ಕರೆಯುತ್ತಿದ್ದ. ನಾನು ತಿದ್ದಲು ಹೋಗಲಿಲ್ಲ.

ಲಿನಕ್ಸು ಕಣ್ಣು ಮಿಟುಕಿಸುವುದರೊಳಗೆ ಬಂದು ನಿಂತಿತು. ಯೂಟ್ಯೂಬ್ ತೆರೆಯಲಿಲ್ಲ. ಸೆಲ್ಲು ಕಿತ್ತಿದ್ದೆನಲ್ಲ, ಗಡಿಯಾರ 2012ಕ್ಕೆ ಹೋಗಿ ಕೂತಿತ್ತು. ಆ ತಾರೀಕಿನಲ್ಲಿ ಯಾವ ವೆಬ್‌ಸೈಟನ್ನೂ ಬ್ರೌಸರು ನಂಬುವುದಿಲ್ಲ. "2012 ಆದ್ರೆ ಹಾಗೇ ಇರ್ಲಿ, ಆಗ ನಿಮಗೆ ತಲೆ ತುಂಬ ಕೂದಲಿತ್ತು" ಅಂದಳು ಹೆಂಡತಿ. ತಾರೀಕು ಸರಿ ಮಾಡಿದೆ. ಆಗಲೂ ತೆರೆಯಲಿಲ್ಲ. ಈ ಸಲ ನೆಟ್ಟೇ ಇಲ್ಲ. ನೆಟ್ಟಿನ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟಿನ ಮ್ಯಾಕ್ ಅಡ್ರೆಸ್ಸು, ಅಂದರೆ ಬೋರ್ಡಿನ ಮನೆ ನಂಬರು, ನಮ್ಮಂಥ ಎಷ್ಟೋ ಬೋರ್ಡುಗಳಲ್ಲಿ ಅದೇ ಚಿಪ್ಪಿನೊಳಗೆ ಬರೆದಿರುತ್ತದೆ. ನಾನು ಡ್ರೈವರ್ ತೂರಿಸಿದ್ದು ಡೌನ್‌ಲೋಡ್ ಮಾಡಿದ ಫೈಲಿಗೆ. ಅದರಲ್ಲಿ ನಮ್ಮ ಮನೆ ನಂಬರು ಎಲ್ಲಿಂದ ಬರಬೇಕು? ಚಿಪ್ಪಿನಿಂದ ಓದಿಟ್ಟ ಹಳೆಯ ಫೈಲಿಗೇ ಡ್ರೈವರ್ ಹಾಕಿ, ಮತ್ತೆ ಬರೆಯಬೇಕಿತ್ತು. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಅಮ್ಮ ಮಾತಿಲ್ಲದೆ ಎದ್ದು ಅಕ್ಕಿಯ ಮೊರವನ್ನು ಅಡುಗೆಮನೆಗೆ ಒಯ್ದಳು.

ಸಂಜೆ ಎಲ್ಲಾ ಸರಿಯಾಯಿತು. ಕೃಷ್ಣ ಕೌರವನ ಸಭೆಗೆ ತಲುಪಿದ. ಅಳಿಯನಿಗೆ ಫೋನ್ ಹಚ್ಚಿ ನಡೆದದ್ದೆಲ್ಲ ಹೇಳಿದೆ, ಸ್ವಲ್ಪ ಉಪ್ಪು ಖಾರ ಸೇರಿಸಿಯೇ. ಅವನು ಒಂದು ಕ್ಷಣ ಸುಮ್ಮನಿದ್ದ.

"ಮಾವ, ವಿಂಡೋಸ್ ತಾನೇ ಹಾಕಿದ್ದು?"

"ಇಲ್ವಲ್ಲ, ಲಿನಕ್ಸು."

"ಅಯ್ಯೋ. ಹಾಗಾದ್ರೆ ಬಯೋಸ್ ಯಾಕೆ ಮುಟ್ಟೋಕೆ ಹೋದ್ರಿ? ಬೂಟ್ ಪಾರ್ಟಿಶನ್ ಒಂದನ್ನ ಹಳೇ ಹಾರ್ಡ್ ಡಿಸ್ಕಲ್ಲೇ ಬಿಟ್ಟು, ಉಳಿದದ್ದನ್ನ ಹೊಸದಕ್ಕೆ ಹಾಕಿದ್ರೆ ಮುಗೀತಿತ್ತು. ಲಿನಕ್ಸ್ ಕರ್ನಲ್ಲಿಗೆ ಎನ್‌ವಿಎಂಇ 2012ರಿಂದಲೇ ಗೊತ್ತು. ಅದೊಂದು ಎದ್ದ ಮೇಲೆ ಬಯೋಸಿಗೇನು ಕೆಲಸ? ಹಾರ್ಡ್ ಡಿಸ್ಕ್ ಬೇಡ ಅಂದ್ರೆ ಒಂದು ಪೆನ್‌ಡ್ರೈವ್ ಸಾಕಿತ್ತು."

ಯಾವ ಕಾಲದಲ್ಲೋ ಮರೆತು ಬಿಟ್ಟಿದ್ದ ಆ ಪೆನ್‌ಡ್ರೈವ್ ಕಂಪ್ಯೂಟರಿನ ಹಿಂದೆ ಹಾಗೇ ಚುಚ್ಚಿಕೊಂಡಿತ್ತು. ನಾನು ದನಿ ತಗ್ಗಿಸಿದೆ. "ಈ ವಿಷಯ ನಿನ್ನ ಅತ್ತೆಗೆ ಹೇಳಬೇಡ ಮಾರಾಯ."

"ಹೇಳ್ದೆ ಇರ್ತಿದ್ದೆ ಮಾವ. ಫೋನ್ ಸ್ಪೀಕರಲ್ಲಿ ಇದ್ಯಲ್ಲ."

ಅವತ್ತಿನಿಂದ ಆ ಕಂಪ್ಯೂಟರನ್ನು ನಾನು ಮುಟ್ಟುವಂತಿಲ್ಲ. ಸ್ಕ್ರೂಡ್ರೈವರು ವಾಪಸ್ ಹೊಲಿಗೆ ಡಬ್ಬಿಗೆ ಹೋಗಿದೆ. ಡಬ್ಬಿ ಬೀರುವಿಗೆ ಹೋಗಿದೆ.

ಕಷ್ಟ ಏನೆಂದರೆ ಅಮ್ಮನ ಕ್ರಮ ಬದಲಾಗಿಲ್ಲ. ಈಗಲೂ ಬಟನ್ ಒತ್ತಿ ಹಿತ್ತಲಿಗೆ ಹೋಗುತ್ತಾಳೆ. ಅವಳು ಮೆಟ್ಟಿಲು ಇಳಿಯುವುದರೊಳಗೆ ಕಂಪ್ಯೂಟರು ತಯಾರು. ಐದು ನಿಮಿಷ ಕಾಯುತ್ತದೆ, ಯಾರೂ ಬರದಿದ್ದರೆ ಪರದೆ ಆರಿಸಿಕೊಳ್ಳುತ್ತದೆ. ತುಳಸಿ ಕುಡಿ ಹಿಡಿದು ಒಳಗೆ ಬಂದ ಅಮ್ಮನಿಗೆ ಕಾಣುವುದು ಕಪ್ಪು ಪರದೆ. ಒತ್ತಲು ಮರೆತೆನೇನೋ ಅಂದುಕೊಂಡು ಮತ್ತೊಮ್ಮೆ ಬಟನ್ ಒತ್ತುತ್ತಾಳೆ. ಆಗ ಅದು ನಿಜವಾಗಿಯೂ ಆಫ್ ಆಗುತ್ತದೆ, ಬಂದಷ್ಟೇ ಬೇಗ. "ಇದನ್ನ ಹಾಳು ಮಾಡಿಟ್ಟೆ ಕಣೋ" ಎಂದು ಅಲ್ಲಿಂದಲೇ ಕೂಗುತ್ತಾಳೆ.

ಸೆಟ್ಟಿಂಗಿನಲ್ಲಿ ಒಂದು ಕಡೆ ಬದಲಿಸಿದರೆ ಸರಿಹೋಗುತ್ತದೆ. ಎರಡೇ ನಿಮಿಷದ ಕೆಲಸ. ನಾಳೆ ಹೆಂಡತಿ ಸಂತೆಗೆ ಹೋಗುತ್ತಾಳೆ. ಆಗ ನೋಡಬೇಕು.